ದೇವರಿಗೆ ವಕೀಲರು ಬೇಕೆ?

ಪ್ರತಿವರ್ಷ ಆಗಸ್ಟ್ 29ರಂದು ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಹಬ್ಬದ ಧ್ವಜ ಏರುತ್ತದೆ. ಅಲ್ಲಿಂದ ಸೆಪ್ಟೆಂಬರ್ 8ರವರೆಗೆ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬದವರೆಗೆ, ರಸೆಲ್ ಮಾರ್ಕೆಟ್ಟಿನ ಸುತ್ತಮುತ್ತ ಕಾಲಿಡಲು ಜಾಗವಿರುವುದಿಲ್ಲ. ಕಾವಿ ಬಟ್ಟೆ ತೊಟ್ಟು ವ್ರತ ಹಿಡಿದವರು, ಕೈಗೂಸು ಎತ್ತಿಕೊಂಡ ಬಾಣಂತಿಯರು, ಮೇಣದಬತ್ತಿ ಮಾರುವ ಹುಡುಗರು, ಎಲ್ಲರೂ ಆ ನೂಕುನುಗ್ಗಲಿನಲ್ಲಿರುತ್ತಾರೆ. ಕೊನೆಯ ದಿನ ಸೀರೆ ಉಟ್ಟ ಮಾತೆಯ ಮೂರ್ತಿ ರಥವೇರಿ ಬೀದಿಗೆ ಬರುತ್ತದೆ. ನೋಡಲು ನಿಂತವರಲ್ಲಿ ಬುರ್ಖಾ ತೊಟ್ಟವರೂ ಕುಂಕುಮ ಇಟ್ಟವರೂ ಬೆರೆತಿರುತ್ತಾರೆ. 1882ರಲ್ಲಿ ಈ ಚರ್ಚು ಈಗಿನ ರೂಪದಲ್ಲಿ ಪ್ರತಿಷ್ಠೆಯಾಗುವ ಮೊದಲು, 1818ರ ಸುಮಾರಿಗೆ, ಇಲ್ಲಿ ಇದ್ದದ್ದು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಕಟ್ಟಿಸಿದ ಒಂದು ಹುಲ್ಲಿನ ಚಾವಣಿಯ ಪ್ರಾರ್ಥನಾ ಮಂದಿರ. ಇನ್ನೂರು ವರ್ಷಗಳಿಂದ ಕಂಟೋನ್ಮೆಂಟಿನ ಬಡವರು ತಮ್ಮ ಕಷ್ಟಗಳನ್ನು ಹೊತ್ತು ಇಲ್ಲಿಗೆ ಬರುತ್ತಲೇ ಇದ್ದಾರೆ.

ಬರುವವರಲ್ಲಿ ಹೆಚ್ಚಿನವರು ಹರಕೆ ಹೊತ್ತವರು. ಮಗುವಾಗಲಿ, ಕಾಯಿಲೆ ವಾಸಿಯಾಗಲಿ, ದುಬೈಗೆ ವೀಸಾ ಸಿಗಲಿ, ಗಂಡ ಕುಡಿತ ಬಿಡಲಿ ಎಂದು ಬೇಡಿಕೊಂಡವರು. ವಿವೇಕನಗರದ ಬಾಲ ಯೇಸುವಿನ ದೇಗುಲಕ್ಕೆ ಗುರುವಾರಗಳಂದು ಹೋಗುವವರೂ ಇಂಥವರೇ. ನಮ್ಮ ದರ್ಗಾಗಳಲ್ಲಿ ದಾರ ಕಟ್ಟುವವರು, ಹಲಸೂರಿನ ಸೋಮೇಶ್ವರನಿಗೆ ಕೈಮುಗಿಯುವವರು ಕೂಡ ಇವರಿಂದ ಬೇರೆಯಲ್ಲ. ಕೇಳಿದ್ದು ಈಡೇರಿದವರು ಮರುವರ್ಷ ಬಂದು ಕಾಣಿಕೆ ಸಲ್ಲಿಸುತ್ತಾರೆ, ಸಾಕ್ಷಿ ಹೇಳುತ್ತಾರೆ, ಪತ್ರಿಕೆಯಲ್ಲಿ ಕೃತಜ್ಞತೆಯ ಜಾಹೀರಾತು ಹಾಕಿಸುತ್ತಾರೆ. ಇದೆಲ್ಲ ನಮ್ಮ ಕಣ್ಣಿಗೆ ಬೀಳುತ್ತದೆ. ಆದರೆ ಕೇಳಿದ್ದು ಈಡೇರದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಅವರು ಸಾಕ್ಷಿ ಹೇಳಲು ವೇದಿಕೆ ಹತ್ತುವುದಿಲ್ಲ. ಅವರಲ್ಲಿ ಕೆಲವರು ದೇವರನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಮರುವರ್ಷವೂ ಅದೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ. ಈ ಎರಡನೆಯವರು ಯಾಕೆ ಬರುತ್ತಾರೆ? ಬದುಕು ಇಟ್ಟ ನಿರೀಕ್ಷೆಗಳನ್ನೆಲ್ಲ ಬುಡಮೇಲು ಮಾಡಿದ ಮೇಲೂ ದೇವರನ್ನು ನಂಬುವುದು, ಆರಾಧಿಸುವುದು ಎಂದರೆ ಏನು? ಕ್ರೈಸ್ತರು ಈ ಪ್ರಶ್ನೆಯನ್ನು ಹೇಗೆ ಎದುರಿಸಿದ್ದಾರೆ ಎಂಬುದನ್ನು ಅವರ ನೆರೆಮನೆಯವಳಾಗಿ ನಿಂತು ನೋಡುವ ಪ್ರಯತ್ನ ಇದು.

ಶಿವಾಜಿನಗರದ ಹಬ್ಬಕ್ಕೂ ತಮಿಳುನಾಡಿನ ವೇಳಾಂಗಣ್ಣಿಯ ಹಬ್ಬಕ್ಕೂ ದಿನ ಒಂದೇ. ಕಂಟೋನ್ಮೆಂಟಿನ ಎಷ್ಟೋ ಕುಟುಂಬಗಳಿಗೆ ವೇಳಾಂಗಣ್ಣಿಯ ಆರೋಗ್ಯ ಮಾತೆಯೇ ಮನೆದೇವರು. ಬಸ್ಸಿನಲ್ಲಿ ಹೋಗುವವರಿದ್ದಾರೆ, ಬೆಂಗಳೂರಿನಿಂದ ದಿನಗಟ್ಟಲೆ ನಡೆದೇ ಹೋಗುವವರಿದ್ದಾರೆ. 2004ರ ಡಿಸೆಂಬರ್ 26, ಕ್ರಿಸ್‌ಮಸ್ಸಿನ ಮರುದಿನ, ಭಾನುವಾರ. ಬೇರೆ ಬೇರೆ ರಾಜ್ಯಗಳ ಯಾತ್ರಿಕರು ಅಲ್ಲಿ ಸೇರಿದ್ದರು. ಬೆಳಿಗ್ಗೆ ಸುನಾಮಿ ಬಂತು. ಕಡಲ ದಂಡೆಯಲ್ಲಿದ್ದವರನ್ನು, ದಂಡೆಗೆ ಹೋಗುವ ದಾರಿಯ ಅಂಗಡಿಗಳಲ್ಲಿದ್ದವರನ್ನು ಅಲೆಗಳು ಎಳೆದುಕೊಂಡು ಹೋದವು. ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ ಸತ್ತವರ ಸಂಖ್ಯೆ ಆರು ಸಾವಿರ ದಾಟಿತು. ವೇಳಾಂಗಣ್ಣಿಯಲ್ಲಿ ಹೆಣಗಳನ್ನು ಸಾಮೂಹಿಕವಾಗಿ ಹೂಳಬೇಕಾಯಿತು. ಚರ್ಚಿನೊಳಗಿದ್ದವರು ಮಾತ್ರ ಉಳಿದರು. ನೀರು ಚರ್ಚಿನ ಬಾಗಿಲಿಗೆ ಬಂದು ಹಿಂದಿರುಗಿತು, ಇದು ಮಾತೆಯ ಪವಾಡ ಎಂದು ಬಹಳ ಜನ ಹೇಳಿದರು.

ಉಳಿದವರ ಬಾಯಲ್ಲಿ ಆ ಮಾತು ಸಹಜವಾದದ್ದು. ಸಾವಿನ ದವಡೆಯಿಂದ ಪಾರಾದವನು ದೇವರಿಗೆ ಕೃತಜ್ಞನಾಗದೆ ಇನ್ನೇನು ಮಾಡಿಯಾನು? ಆದರೆ ಆ ಮಾತನ್ನು ದಂಡೆಯಲ್ಲಿ ಮಗುವನ್ನು ಕಳೆದುಕೊಂಡ ತಾಯಿಯ ಎದುರು ನಿಂತು ಹೇಳಿ ನೋಡಿ. ಆ ತಾಯಿಯೂ ಹರಕೆ ಹೊತ್ತೇ ಬಂದವಳು. ಬಹುಶಃ ಆಗತಾನೆ ಪೂಜೆ ಮುಗಿಸಿ, ಮಗುವಿಗೆ ಸಮುದ್ರ ತೋರಿಸಲು ಹೋಗಿದ್ದವಳು. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಲಿಸ್ಬನ್ ನಗರದಲ್ಲಿ ಭೂಕಂಪವಾದಾಗ ಚರ್ಚುಗಳಲ್ಲಿ ಪ್ರಾರ್ಥಿಸುತ್ತಿದ್ದ ಜನರ ಮೇಲೆಯೇ ಚಾವಣಿಗಳು ಕುಸಿದವು. ಆಗ ಫ್ರೆಂಚ್ ಲೇಖಕ ವೋಲ್ಟೇರ್, ಲೋಕದಲ್ಲಿ ಎಲ್ಲವೂ ಒಳ್ಳೆಯದಕ್ಕೇ ನಡೆಯುತ್ತದೆ ಎನ್ನುವ ಪಂಡಿತರನ್ನು ತರಾಟೆಗೆ ತೆಗೆದುಕೊಂಡಿದ್ದ. ಚರ್ಚಿನೊಳಗಿದ್ದವರು ಒಂದು ಕಡೆ ಉಳಿದರು, ಇನ್ನೊಂದು ಕಡೆ ಸತ್ತರು. ಇದರಿಂದ ದೇವರ ಮನಸ್ಸನ್ನು ಓದುತ್ತೇವೆ ಎಂದು ಹೊರಟವರಿಗೆ ಯಾವ ಸೂತ್ರವೂ ಸಿಗುವುದಿಲ್ಲ.

ಇಲ್ಲಿ ನಮ್ಮ ಬೀದಿಯ ಒಬ್ಬ ಹೆಂಗಸಿನ ವಿಷಯ ಹೇಳಬೇಕು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸು, ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದ ತಮಿಳು ಕ್ರೈಸ್ತರು ಆಕೆ. ನಮ್ಮೊಡನೆ ದಖನಿಯನ್ನೂ ಕನ್ನಡವನ್ನೂ ಬೆರೆಸಿ ಮಾತಾಡುತ್ತಿದ್ದರು. ಹತ್ತೊಂಬತ್ತು ವರ್ಷದ ಒಬ್ಬಳೇ ಮಗಳಿಗೆ ಮೂತ್ರಪಿಂಡದ ಕಾಯಿಲೆ ಬಂತು. ಆಕೆ ಒಂಬತ್ತು ಶನಿವಾರ ಬೆಸಿಲಿಕಾಕ್ಕೆ ಬರಿಗಾಲಲ್ಲಿ ನಡೆದರು. ನನ್ನ ಅಮ್ಮಿಯೂ ಐದು ಹೊತ್ತಿನ ನಮಾಜಿನಲ್ಲಿ ಆ ಹುಡುಗಿಗಾಗಿ ದುವಾ ಮಾಡುತ್ತಿದ್ದರು. ಹುಡುಗಿ ಉಳಿಯಲಿಲ್ಲ.

ಸಾವಿನ ಮನೆಗೆ ಬಂದವರೆಲ್ಲ ಏನಾದರೊಂದು ಹೇಳಿದರು. ದೇವರಿಗೆ ಒಳ್ಳೆಯವರೇ ಬೇಕು, ಅದಕ್ಕೇ ಬೇಗ ಕರೆಸಿಕೊಂಡ ಎಂದರು ಒಬ್ಬರು. ಪ್ರಾರ್ಥನಾ ಕೂಟವೊಂದರಿಂದ ಬಂದಿದ್ದ ಹಿರಿಯರು, ವಿಶ್ವಾಸ ಪೂರ್ತಿಯಾಗಿದ್ದರೆ ಹೀಗಾಗುತ್ತಿರಲಿಲ್ಲ, ಮನೆಯಲ್ಲಿ ಯಾವುದೋ ಪಾಪ ಉಳಿದಿದೆ, ಹುಡುಕಿ ನೋಡಿ ಎಂದರು. ನಮ್ಮವರೇ ಒಬ್ಬರು, ಅಲ್ಲಾಹನು ತಾನು ಪ್ರೀತಿಸುವವರನ್ನೇ ಪರೀಕ್ಷಿಸುತ್ತಾನೆ ಎಂದರು. ಅಮ್ಮಿ ಮಾತ್ರ ಏನೂ ಹೇಳಲಿಲ್ಲ. ಮೂರು ದಿನ ಹೋಗಿ ಆಕೆಯ ಪಕ್ಕದಲ್ಲಿ ಕುಳಿತರು. ಮನೆಯಿಂದ ಚಹಾ, ಗಂಜಿ ಒಯ್ದರು. ಯಂತ್ರದ ಮೇಲೆ ಅರ್ಧಕ್ಕೆ ನಿಂತಿದ್ದ ಬಟ್ಟೆಗಳನ್ನು ಮಡಚಿ ಗಿರಾಕಿಗಳ ಹೆಸರಿನ ಚೀಟಿ ಇಟ್ಟರು.

ಮರುವರ್ಷ ಸೆಪ್ಟೆಂಬರಿನಲ್ಲಿ ಆಕೆ ಮತ್ತೆ ಕಾವಿ ಸೀರೆ ಉಟ್ಟು ಹೊರಟದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ.

‘ಆಂಟಿ, ಈಗ ಯಾಕೆ ಹೋಗ್ತಿದ್ದೀರಿ?’ ಎಂದು ಕೇಳಿದೆ.

‘ಕೇಳಿದ್ದು ಕೊಡ್ಲಿಲ್ಲ ಅಂತ ತವರುಮನೆಗೆ ಹೋಗೋದು ಬಿಡ್ತಾರೇನು ಕಣ್ಣು? ಹೋಗ್ತೀನಿ. ಜಗಳ ಆಡ್ತೀನಿ. ಯಾಕೆ ಹಿಂಗ್ ಮಾಡ್ದೆ ಅಂತ ಕೇಳ್ತೀನಿ. ಅಲ್ಲಿ ಬಿಟ್ಟು ಬೇರೆ ಯಾರ ಹತ್ರ ಹೋಗಿ ಜಗಳ ಆಡ್ಲಿ?’ ಎಂದರು.

ಆಕೆ ಓದಿದವರಲ್ಲ. ಆದರೆ ಧರ್ಮಶಾಸ್ತ್ರದ ದೊಡ್ಡ ದೊಡ್ಡ ಗ್ರಂಥಗಳು ಸುತ್ತಿ ಬಳಸಿ ಹೇಳುವ ಒಂದು ವಿಷಯ ಆ ಮಾತಿನಲ್ಲಿತ್ತು. ಹರಕೆ ಎನ್ನುವುದು ಒಂದು ಒಪ್ಪಂದ. ಕೊಟ್ಟರೆ ಕೊಡುತ್ತೇನೆ ಎಂಬ ವ್ಯವಹಾರ. ವ್ಯವಹಾರ ಮುರಿದರೆ ಅಂಗಡಿ ಬದಲಿಸಬಹುದು. ತವರು ಹಾಗಲ್ಲ. ಅದು ಸಂಬಂಧ. ಸಂಬಂಧದಲ್ಲಿ ಮುನಿಸಿಗೂ ಜಗಳಕ್ಕೂ ಜಾಗವಿದೆ. ನಿಜ ಹೇಳಬೇಕೆಂದರೆ ಜಗಳವಾಡುವ ಹಕ್ಕು ಸಂಬಂಧ ಇದ್ದಲ್ಲಿ ಮಾತ್ರ ಇರುತ್ತದೆ.

ಕ್ರೈಸ್ತರ ಬೈಬಲ್ಲಿನಲ್ಲಿ ಈ ಜಗಳದ ಒಂದು ಇಡೀ ಗ್ರಂಥವೇ ಇದೆ. ಅದು ಯೋಬನ ಗ್ರಂಥ. ಕುರ್‌ಆನ್ ಓದುವ ನಾವು ಹಝ್ರತ್ ಅಯ್ಯೂಬರೆಂದು ಕರೆಯುವುದು ಇವರನ್ನೇ. ಊಚ್ ದೇಶದ ಯೋಬ ನೀತಿವಂತ, ದೇವಭಕ್ತ. ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು, ಏಳು ಸಾವಿರ ಕುರಿ, ಮೂರು ಸಾವಿರ ಒಂಟೆ. ಒಂದೇ ದಿನ ಎಲ್ಲವೂ ಹೋಗುತ್ತದೆ. ಆಮೇಲೆ ಮೈತುಂಬ ಹುಣ್ಣಾಗುತ್ತದೆ. ಯೋಬ ಬೂದಿಯಲ್ಲಿ ಕುಳಿತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಾನೆ.

ಕಥೆ ಬರೆಯುವವಳಾದ ನನಗೆ ಈ ಗ್ರಂಥದ ರಚನೆಯೇ ಆಶ್ಚರ್ಯ ತರುತ್ತದೆ. ಯೋಬನ ಕಷ್ಟಕ್ಕೆ ಕಾರಣವೇನು ಎಂಬುದು ಓದುಗರಿಗೆ ಮೊದಲ ಅಧ್ಯಾಯದಲ್ಲೇ ಗೊತ್ತಾಗುತ್ತದೆ. ಲಾಭವಿಲ್ಲದಿದ್ದರೆ ಯೋಬ ದೇವರನ್ನು ಆರಾಧಿಸುತ್ತಾನೆಯೇ ಎಂದು ಸೈತಾನ ದೇವರ ಮುಂದೆ ಸವಾಲು ಹಾಕಿರುತ್ತಾನೆ. ಆದರೆ ಯೋಬನಿಗೆ ಇದು ಕೊನೆಯವರೆಗೂ ಗೊತ್ತಾಗುವುದಿಲ್ಲ. ನಲವತ್ತೆರಡು ಅಧ್ಯಾಯ ಮುಗಿದರೂ ಯಾರೂ ಅವನಿಗೆ ಹೇಳುವುದಿಲ್ಲ. ಬದುಕಿನಲ್ಲಿ ನಮ್ಮ ಸ್ಥಿತಿಯೂ ಇದೇ ತಾನೆ? ನಾವು ನಮ್ಮ ಕಥೆಯ ಓದುಗರಲ್ಲ, ಪಾತ್ರಗಳು. ಮೊದಲ ಅಧ್ಯಾಯವನ್ನು ನಮಗೆ ಯಾರೂ ಓದಿ ಹೇಳಿರುವುದಿಲ್ಲ.

ಯೋಬನನ್ನು ಸಂತೈಸಲು ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ಅವನ ಸ್ಥಿತಿ ನೋಡಿ ಗಟ್ಟಿಯಾಗಿ ಅಳುತ್ತಾರೆ. ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಇಡೀ ಗ್ರಂಥದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಎಂಟನೆಯ ದಿನ ಬಾಯಿ ತೆರೆಯುತ್ತಾರೆ. ದೇವರು ನ್ಯಾಯವಂತ, ನ್ಯಾಯವಂತನು ಸುಮ್ಮಸುಮ್ಮನೆ ಶಿಕ್ಷಿಸುವುದಿಲ್ಲ, ನಿನಗೆ ಶಿಕ್ಷೆಯಾಗಿದೆ, ಆದ್ದರಿಂದ ನೀನು ಪಾಪ ಮಾಡಿದ್ದೀಯೆ, ಒಪ್ಪಿಕೋ. ತರ್ಕ ಅಚ್ಚುಕಟ್ಟಾಗಿದೆ. ಯೋಬ ಒಪ್ಪುವುದಿಲ್ಲ. ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ದೇವರನ್ನು ನ್ಯಾಯಾಲಯಕ್ಕೆ ಕರೆಯುವವನ ಹಾಗೆ ಮಾತಾಡುತ್ತಾನೆ. ಗೆಳೆಯರು ಹೌಹಾರಿ ಇನ್ನಷ್ಟು ಜೋರಾಗಿ ದೇವರ ಪರ ವಾದಿಸುತ್ತಾರೆ.

ಕೊನೆಗೆ ಬಿರುಗಾಳಿಯೊಳಗಿಂದ ದೇವರೇ ಮಾತಾಡುತ್ತಾನೆ. ಕಷ್ಟಕ್ಕೆ ಕಾರಣ ಹೇಳುವುದಿಲ್ಲ. ಬದಲಿಗೆ ಪ್ರಶ್ನೆಗಳನ್ನು ಕೇಳುತ್ತಾನೆ. ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ, ಕಾಡುಮೇಕೆ ಈಯುವ ಕಾಲ ನಿನಗೆ ಗೊತ್ತೆ ಎಂದು ಸೃಷ್ಟಿಯ ವಿಸ್ತಾರವನ್ನು ತೋರಿಸುತ್ತಾನೆ. ಯೋಬ ತಲೆಬಾಗುತ್ತಾನೆ. ಇಷ್ಟಕ್ಕೇ ನಿಂತಿದ್ದರೆ ಇದು ಬಲಶಾಲಿಯೊಬ್ಬ ಬಡಪಾಯಿಯ ಬಾಯಿ ಮುಚ್ಚಿಸಿದ ಕಥೆಯಾಗುತ್ತಿತ್ತು. ಆದರೆ ಅದರ ಮುಂದಿನ ತಿರುವು ಬೇರೆಯದು. ದೇವರು ಎಲೀಫಜನ ಕಡೆ ತಿರುಗಿ, ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎಂಬ ಅರ್ಥ ಬರುವಂತೆ ಗದರುತ್ತಾನೆ. ಯೋಬ ನಿಮಗಾಗಿ ಪ್ರಾರ್ಥಿಸಿದರೆ ಮಾತ್ರ ನಿಮಗೆ ಕ್ಷಮೆ ಎನ್ನುತ್ತಾನೆ.

ಗಮನಿಸಿ: ದೇವರ ಮೇಲೆ ದೂರಿದವನು ಗೆದ್ದ, ದೇವರ ವಕಾಲತ್ತು ವಹಿಸಿದವರು ಸೋತರು. ದೇವರ ಪರವಾಗಿ ಆಡಿದ ಸುಳ್ಳು ದೇವರಿಗೇ ಬೇಕಾಗಲಿಲ್ಲ. ನೊಂದವನ ಗೋಳಿನಲ್ಲಿ ಸಂಬಂಧವಿತ್ತು, ಅವನು ಮಾತಾಡಿದ್ದು ದೇವರೊಡನೆ. ಗೆಳೆಯರು ದೇವರ ಕುರಿತು ಮಾತಾಡಿದರೇ ಹೊರತು ಒಮ್ಮೆಯೂ ದೇವರೊಡನೆ ಮಾತಾಡಲಿಲ್ಲ.

ಈ ಗ್ರಂಥದಲ್ಲಿ ನನ್ನನ್ನು ಕಾಡುವ ಎರಡು ಸಂಗತಿಗಳಿವೆ. ಕೊನೆಯಲ್ಲಿ ಯೋಬನ ಕುರಿ, ಒಂಟೆಗಳು ಎರಡರಷ್ಟಾಗುತ್ತವೆ. ಮಕ್ಕಳು ಮಾತ್ರ ಮೊದಲಿನಷ್ಟೇ, ಏಳು ಮತ್ತು ಮೂರು. ಕುರಿಗೆ ಬದಲು ಕುರಿ ಆದೀತು, ಸತ್ತ ಮಗುವಿಗೆ ಬದಲು ಇನ್ನೊಂದು ಮಗು ಆಗುವುದಿಲ್ಲ. ಇನ್ನೊಂದು, ಯೋಬನ ಹೆಂಡತಿ. ದೇವರನ್ನು ದೂಷಿಸಿ ಸಾಯಿ ಎಂದು ಗಂಡನಿಗೆ ಹೇಳಿದಳೆಂದು ಬೋಧಕರು ಆಕೆಯನ್ನು ತಲೆತಲಾಂತರದಿಂದ ಬೈದಿದ್ದಾರೆ. ಆದರೆ ಆ ಹತ್ತು ಮಕ್ಕಳನ್ನು ಹೆತ್ತವಳೂ ಆಕೆಯೇ. ಆಕೆಯ ಪಕ್ಕದಲ್ಲಿ ಏಳು ದಿನ ಮೌನವಾಗಿ ಕೂರಲು ಯಾವ ಗೆಳತಿಯರೂ ಬಂದ ಉಲ್ಲೇಖವಿಲ್ಲ.

ಕುರ್‌ಆನಿನ ಅಯ್ಯೂಬರು ಇಷ್ಟು ಮಾತಾಡುವುದಿಲ್ಲ. ನನಗೆ ಸಂಕಟ ತಟ್ಟಿದೆ, ನೀನು ಕರುಣಾಳುಗಳಲ್ಲೇ ಮಹಾ ಕರುಣಾಳು ಎಂಬ ಅರ್ಥದ ಒಂದೇ ಮೊರೆ. ಹೀಗೆ ಮಾಡು ಎಂಬ ಬೇಡಿಕೆಯೂ ಅದರಲ್ಲಿಲ್ಲ. ಅದಕ್ಕೇ ‘ಸಬ್ರ್’ ಎಂದಾಗ ನಮಗೆ ಮೊದಲು ನೆನಪಾಗುವುದು ಅಯ್ಯೂಬರು. ಆದರೆ ಸಬ್ರ್ ಎಂದರೆ ಅಳದಿರುವುದು ಎಂದು ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಮಗ ಯೂಸುಫನಿಗಾಗಿ ಅತ್ತು ಅತ್ತು ಹಝ್ರತ್ ಯಾಕೂಬರ ಕಣ್ಣು ಬೆಳ್ಳಗಾದ ವಿಷಯವೂ ಅದೇ ಕುರ್‌ಆನಿನಲ್ಲಿದೆ. ತನ್ನ ದುಃಖವನ್ನು ಅಲ್ಲಾಹನಲ್ಲೇ ತೋಡಿಕೊಳ್ಳುವೆನೆಂದು ಅವರು ಹೇಳುತ್ತಾರೆ. ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿಯವರೇ ಕಣ್ಣೀರಿಟ್ಟರು. ಬೈಬಲ್ಲಿನ ಯೋಬ ಜಗಳವಾಡಿದ, ಕುರ್‌ಆನಿನ ಅಯ್ಯೂಬರು ಸಹಿಸಿದರು ಎಂಬ ವ್ಯತ್ಯಾಸ ನಿಜ. ಆದರೆ ಇಬ್ಬರೂ ಬಾಯಿ ತೆರೆದದ್ದು ಒಬ್ಬನ ಕಡೆಗೇ.

ಯೋಬನ ಗೆಳೆಯರ ಸಂತತಿ ಮಾತ್ರ ಇನ್ನೂ ಮುಗಿದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆ ಮತ್ತು ಕಂಟೋನ್ಮೆಂಟ್ ಎರಡರಲ್ಲೂ ಜನ ಹುಳುಗಳಂತೆ ಸತ್ತರು. ಕೆಲವರು ಪ್ಲೇಗಮ್ಮನಿಗೆ ಗುಡಿ ಕಟ್ಟಿದರು, ಕೆಲವರು ಯಾರ ಪಾಪದಿಂದ ಇದು ಬಂತು ಎಂದು ಹುಡುಕಿದರು. ರೋಗ ಹರಡಿದ್ದು ಇಲಿಗಳ ಮೇಲಿನ ಚಿಗಟಗಳಿಂದ. ಅದನ್ನು ತಿಳಿದ ಮೇಲೆ ಊರು ಗಾಳಿ ಬೆಳಕಿನ ಹೊಸ ಬಡಾವಣೆಗಳನ್ನು ಕಟ್ಟಿಕೊಂಡಿತು. ನೂರಿಪ್ಪತ್ತು ವರ್ಷಗಳ ಮೇಲೆ, 2020ರಲ್ಲಿ ಕೊರೊನಾ ಬಂದಾಗಲೂ ಅದೇ ಹುಡುಕಾಟ ನಡೆಯಿತು. ರೋಗಕ್ಕೆ ಒಂದು ಸಮುದಾಯದ ಟೋಪಿ ತೊಡಿಸಿದವರಿದ್ದರು. ಇದು ನಾಸ್ತಿಕರ ಮೇಲೆ ಇಳಿದ ಅಝಾಬ್ ಎಂದು ಭಾಷಣ ಮಾಡಿದ ನಮ್ಮವರೂ ಇದ್ದರು. 2021ರ ಎರಡನೆಯ ಅಲೆಯಲ್ಲಿ ಎಲ್ಲ ಸ್ಮಶಾನಗಳ ಮುಂದೆಯೂ ಸಾಲು ನಿಂತಾಗ ಭಾಷಣಗಳು ತಾವಾಗಿಯೇ ನಿಂತವು.

ಲೂಕನ ಸುವಾರ್ತೆಯಲ್ಲಿ ಯೇಸು ಒಂದು ಘಟನೆಯನ್ನು ಪ್ರಸ್ತಾಪಿಸುತ್ತಾರೆ. ಸಿಲೋವ ಎಂಬಲ್ಲಿ ಬುರುಜೊಂದು ಕುಸಿದು ಹದಿನೆಂಟು ಮಂದಿ ಸತ್ತಿರುತ್ತಾರೆ. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯುತ್ತೀರೋ ಎಂದು ಕೇಳಿ, ಇಲ್ಲ ಎಂದು ಅವರೇ ಉತ್ತರಿಸುತ್ತಾರೆ. ತಿರುಗಿ, ನಿಮ್ಮನ್ನು ನೀವು ತಿದ್ದಿಕೊಳ್ಳಿ ಎಂದು ಕೇಳುಗರನ್ನೇ ಎಚ್ಚರಿಸುತ್ತಾರೆ. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನೊಬ್ಬನನ್ನು ನೋಡಿ ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಎಂದು ಕೇಳಿದಾಗಲೂ ಇಬ್ಬರೂ ಅಲ್ಲ ಎಂಬುದೇ ಉತ್ತರ.

2024ರ ಅಕ್ಟೋಬರ್ 22ರಂದು ಬೆಂಗಳೂರಿನ ಪೂರ್ವಭಾಗದ ಬಾಬುಸಾಪಾಳ್ಯದಲ್ಲಿ, ಮಳೆಯ ದಿನಗಳಲ್ಲಿ, ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು ಒಂಬತ್ತು ಮಂದಿ ಸತ್ತರು. ಬಹುಪಾಲು ಹೊಟ್ಟೆಪಾಡಿಗಾಗಿ ದೂರದ ಊರುಗಳಿಂದ ಬಂದ ಕೂಲಿಗಳು. ಅನುಮತಿ ಮೀರಿ ಮಹಡಿ ಏರಿಸಿದ ಆರೋಪ ಕೇಳಿಬಂತು, ಬಂಧನಗಳಾದವು. 1983ರಲ್ಲಿ ಕಪಾಲಿ ಚಿತ್ರಮಂದಿರದ ಬಳಿ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಹಳಬರು ಇನ್ನೂ ಮರೆತಿಲ್ಲ. ಸಿಲೋವದ ಮಾತನ್ನು ಇಲ್ಲಿಗೆ ತಂದು ನೋಡಿ. ಸತ್ತವರು ಪಾಪಿಗಳಲ್ಲ ಎಂದ ಮಾತ್ರಕ್ಕೆ ಅಲ್ಲಿ ಪಾಪವೇ ನಡೆದಿಲ್ಲ ಎಂದಲ್ಲ. ಕಂಬಕ್ಕೆ ಹಾಕಬೇಕಾದ ಕಬ್ಬಿಣ, ಸಿಮೆಂಟು ಉಳಿಸಿದವರು ಯಾರು, ಏಳುತ್ತಿರುವ ಮಹಡಿಗಳನ್ನು ಕಂಡೂ ಕಾಣದಂತೆ ಹೋದವರು ಯಾರು ಎಂಬ ಪ್ರಶ್ನೆಗಳು ಉಳಿದೇ ಇರುತ್ತವೆ. ದೇವರ ಇಚ್ಛೆ, ಹಣೆಬರಹ, ತಕ್ದೀರ್ ಎಂಬ ಮಾತುಗಳು ನೊಂದವರ ಬಾಯಲ್ಲಿ ಸಮಾಧಾನವಾಗಬಹುದು. ಅವೇ ಮಾತುಗಳು ಗುತ್ತಿಗೆದಾರನ ಬಾಯಲ್ಲಿ ತಪ್ಪಿಸಿಕೊಳ್ಳುವ ಹಿಂಬಾಗಿಲು. ದೇವರ ಮೇಲಿನ ಭರವಸೆ ಯಾರದೋ ಕಳ್ಳತನಕ್ಕೆ ಮರೆಯಾಗಕೂಡದು. ನಂಬಿಕೆ ಮತ್ತು ವಿಧಿವಾದದ ನಡುವಿನ ಗೆರೆ ಇಲ್ಲಿದೆ ಎಂದು ನನಗನ್ನಿಸುತ್ತದೆ.

ಹಾಗಾದರೆ ಕಾರಣವೂ ಗೊತ್ತಿಲ್ಲದೆ, ವಕೀಲರೂ ಇಲ್ಲದೆ, ಆರಾಧನೆ ಹೇಗೆ ಸಾಧ್ಯ? ಬೈಬಲ್ಲಿನ ನೂರೈವತ್ತು ಕೀರ್ತನೆಗಳಲ್ಲಿ ಮೂರನೆಯ ಒಂದು ಭಾಗದಷ್ಟು ಗೋಳಿನ ಪ್ರಾರ್ಥನೆಗಳು. ಎಲ್ಲಿದ್ದೀಯೆ, ಎಲ್ಲಿಯವರೆಗೆ, ಯಾಕೆ ಕೈಬಿಟ್ಟೆ ಎಂದು ಕೇಳುವಂಥವು. ಎಂಬತ್ತೆಂಟನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಮಾತೂ ಇಲ್ಲ. ಇವನ್ನು ಪ್ರಾರ್ಥನೆಯ ಪುಸ್ತಕದಿಂದ ಯಾರೂ ಕಿತ್ತುಹಾಕಲಿಲ್ಲ. ಅಂದರೆ ದೂರು ಕೂಡ ಆರಾಧನೆಯ ಒಂದು ಬಗೆ ಎಂದು ಆ ಪರಂಪರೆ ಒಪ್ಪಿಕೊಂಡಿದೆ. ಶಿಲುಬೆಯ ಮೇಲೆ ಯೇಸುವಿನ ಬಾಯಿಂದ ಬಂದದ್ದೂ ಇಂಥದೇ ಒಂದು ಕೀರ್ತನೆಯ ಮೊದಲ ಮಾತು, ಕೈಬಿಟ್ಟದ್ದೇಕೆ ಎಂಬ ಪ್ರಶ್ನೆ. ಶಿಲುಬೆಯ ವಿಷಯದಲ್ಲಿ ಮುಸ್ಲಿಮರ ನಂಬಿಕೆ ಬೇರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕ್ರೈಸ್ತ ನೆರೆಯವರು ಆ ಕೂಗಿನಲ್ಲಿ ಏನನ್ನು ಕೇಳುತ್ತಾರೆ ಎಂಬುದನ್ನು ಅರಿಯದೆ ಅವರ ಭಕ್ತಿ ಅರ್ಥವಾಗುವುದಿಲ್ಲ. ತಮ್ಮ ನೋವನ್ನು ದೂರದಲ್ಲಿ ನಿಂತು ವಿವರಿಸುವ ದೇವರಲ್ಲ, ನೋವಿನೊಳಗೇ ಬಂದ ದೇವರು ಎಂಬುದು ಅವರ ಭರವಸೆ. ಅದಕ್ಕೇ ಅವರಿಗೆ ಕಾರಣ ಸಿಗದಿದ್ದರೂ ಜೊತೆ ಸಿಗುತ್ತದೆ.

ಆ ಜೊತೆಯೂ ಅನುಭವಕ್ಕೆ ಬಾರದಿದ್ದರೆ? 1997ರಲ್ಲಿ ತೀರಿಕೊಂಡ ಮದರ್ ತೆರೇಸಾ ತಮ್ಮ ಆಧ್ಯಾತ್ಮಿಕ ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತು ಬೆರಗಾಯಿತು. ಕಲ್ಕತ್ತೆಯಲ್ಲಿ ಕೆಲಸ ಆರಂಭಿಸಿದ ಮೇಲೆ ಸುಮಾರು ಅರ್ಧ ಶತಮಾನ, ಅಲ್ಪ ವಿರಾಮಗಳನ್ನು ಬಿಟ್ಟರೆ, ದೇವರ ಸಾನ್ನಿಧ್ಯ ತಮಗೆ ಅನುಭವವಾಗಲಿಲ್ಲ, ಒಳಗೆಲ್ಲ ಕತ್ತಲೆ ಎಂದು ಆಕೆ ತೋಡಿಕೊಂಡಿದ್ದರು. ಆಕೆಯ ನಗುಮುಖ ನಟನೆಯಾಗಿತ್ತು ಎಂದರು ಟೀಕಾಕಾರರು. ಚರ್ಚು ಹಾಗೆ ನೋಡಲಿಲ್ಲ, 2016ರಲ್ಲಿ ಸಂತಪದವಿ ಕೊಟ್ಟಿತು. ಏನೂ ಕಾಣದಿದ್ದರೂ ಬೆಳಗಿನ ಜಾವ ಎದ್ದು ಪ್ರಾರ್ಥಿಸಿ, ಬೀದಿಯಲ್ಲಿ ಬಿದ್ದವರನ್ನು ಎತ್ತಲು ಹೋದದ್ದನ್ನು ನಂಬಿಕೆ ಎನ್ನದೆ ಬೇರೇನೆನ್ನುವುದು?

ಕನ್ನಡಿಗರಿಗೆ ಸಂಬಂಧಪಟ್ಟ ಇನ್ನೊಂದು ಉದಾಹರಣೆ ಇದೆ. 1812ರ ಮಾರ್ಚ್ 11ರ ಸಂಜೆ ಬಂಗಾಳದ ಸೆರಾಂಪುರದಲ್ಲಿ ಬ್ಯಾಪ್ಟಿಸ್ಟ್ ಮಿಷನರಿಗಳ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದ, ಹಲವು ಭಾರತೀಯ ಭಾಷೆಗಳ ಅಚ್ಚುಮೊಳೆ, ವಿಲಿಯಂ ಕ್ಯಾರಿಯ ವರ್ಷಗಳ ಶ್ರಮದ ಹಸ್ತಪ್ರತಿಗಳು ಸುಟ್ಟುಹೋದವು. ಅವುಗಳಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆಯ ಕನ್ನಡ ಅನುವಾದವೂ ಇತ್ತು. ದೇವರ ಕೆಲಸವೆಂದು ಮನೆಮಾರು ಬಿಟ್ಟು ಬಂದವನ ಕೆಲಸವನ್ನೇ ದೇವರು ಉಳಿಸಲಿಲ್ಲ. ಕ್ಯಾರಿ ಕಾರಣ ಹುಡುಕುತ್ತ ಕೂರಲಿಲ್ಲ, ಮತ್ತೆ ಮೊದಲಿನಿಂದ ಬರೆಯಲು ಕುಳಿತ. 1817ರಲ್ಲಿ ಅವನ ಕನ್ನಡ ವ್ಯಾಕರಣ ಅದೇ ಸೆರಾಂಪುರದಿಂದ ಹೊರಬಂತು.

ಪ್ರವಚನಗಳಲ್ಲಿ ಈ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಕ್ಯಾರಿಯ ಹೆಂಡತಿ ಡೊರೊಥಿಯ ಕಥೆಯೂ ಇದೆ. ಆಕೆಗೆ ಭಾರತಕ್ಕೆ ಬರುವ ಮನಸ್ಸೇ ಇರಲಿಲ್ಲ. ಬಂದ ಮರುವರ್ಷ, 1794ರಲ್ಲಿ, ಐದು ವರ್ಷದ ಮಗ ಪೀಟರ್ ಭೇದಿಯಿಂದ ತೀರಿಕೊಂಡ. ಆಕೆಯ ಬುದ್ಧಿ ಕದಡಿತು, 1807ರಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ. ಗಂಡನ ನಂಬಿಕೆಯ ಬೆಲೆಯನ್ನು ತೆತ್ತವಳು ಆಕೆ. ಯೋಬನ ಹೆಂಡತಿಯಂತೆ ಈಕೆಯನ್ನೂ ಯಾರೂ ಕೇಳಲಿಲ್ಲ. ಕಷ್ಟ ನನ್ನ ಮೇಲೆ ಬಂದಾಗ ನಾನು ದೇವರನ್ನು ನಂಬುವುದು ನನ್ನ ದೊಡ್ಡತನ ಇದ್ದೀತು. ಇನ್ನೊಬ್ಬರ ಮೇಲೆ ಕಷ್ಟ ಹೇರಿ, ದೇವರನ್ನು ನಂಬು ಎಂದು ಅವರಿಗೆ ಉಪದೇಶಿಸುವುದು ದೊಡ್ಡತನವಲ್ಲ. ನಮ್ಮ ಮನೆಗಳಲ್ಲಿ ಹೆಂಗಸರಿಗೆ ಸಬ್ರ್ ಕಲಿಸುವ ಗಂಡಸರು ಇದನ್ನು ಸ್ವಲ್ಪ ಯೋಚಿಸಬೇಕು.

ದಾನಿಯೇಲನ ಗ್ರಂಥದಲ್ಲಿ ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬ ಮೂವರು ಯುವಕರಿದ್ದಾರೆ. ಚಿನ್ನದ ಪ್ರತಿಮೆಗೆ ಅಡ್ಡಬೀಳದಿದ್ದರೆ ಬೆಂಕಿಯ ಕುಲುಮೆಗೆ ಎಸೆಯುತ್ತೇನೆಂದು ದೊರೆ ನೆಬೂಕದ್ನೆಚ್ಚರ ಬೆದರಿಸಿದಾಗ ಅವರು ಹೇಳಿದ್ದರ ಸಾರಾಂಶ ಇಷ್ಟು: ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲ, ಒಂದು ವೇಳೆ ಬಿಡಿಸದಿದ್ದರೂ ನಾವು ಅಡ್ಡಬೀಳುವುದಿಲ್ಲ. ಅವರು ಬೆಂಕಿಯಿಂದ ಪಾರಾದರು ಎಂಬುದನ್ನು ಭಾನುವಾರದ ಶಾಲೆಯ ಮಕ್ಕಳೆಲ್ಲ ಬಲ್ಲರು. ಆದರೆ ನಂಬಿಕೆ ಇದ್ದದ್ದು ಪಾರಾದದ್ದರಲ್ಲಲ್ಲ, ಆ ‘ಬಿಡಿಸದಿದ್ದರೂ’ ಎಂಬ ಮಾತಿನಲ್ಲಿ. ಪ್ರವಾದಿ ಹಬಕ್ಕೂಕನೂ ಅಂಜೂರ ಚಿಗುರದಿದ್ದರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ಎಂದು ಒಂದೊಂದೇ ನಷ್ಟವನ್ನು ಎಣಿಸಿ ಆಮ��ಲೆ ದೇವರನ್ನು ಹಾಡುತ್ತಾನೆ. ಇಲ್ಲದ್ದನ್ನು ಇದೆ ಎಂದು ಅವನು ನಟಿಸಲಿಲ್ಲ. ಇಲ್ಲ ಎಂದು ಲೆಕ್ಕ ಹಾಕಿದ ಮೇಲೆಯೇ ಹಾಡಿದ. ನಮ್ಮಲ್ಲಿ ಬಸ್ರಾದ ರಾಬಿಯಾ ಸ್ವರ್ಗದ ಆಸೆಗಾಗಲಿ ನರಕದ ಭಯಕ್ಕಾಗಲಿ ಅಲ್ಲಾಹನನ್ನು ಆರಾಧಿಸಲೊಲ್ಲೆ ಎಂದದ್ದನ್ನು ಸೂಫಿಗಳು ಹೇಳುತ್ತ ಬಂದಿದ್ದಾರೆ. ಸೈತಾನ ಯೋಬನ ಕುರಿತು ಎತ್ತಿದ ಪ್ರಶ್ನೆಗೆ ಇವರೆಲ್ಲ ಬದುಕಿ ಕೊಟ್ಟ ಉತ್ತರ ಒಂದೇ.

ಇದರ ಅರ್ಥ ಹರಕೆ ಹೊರುವವರು ಕೀಳು ಎಂದಲ್ಲ. ಬಡವರಿಗೆ ಆಸ್ಪತ್ರೆಯ ಬಿಲ್ಲು ಕಟ್ಟುವ ದಾರಿ ಕಾಣದಿದ್ದಾಗ ದೇವರಲ್ಲದೆ ಇನ್ಯಾರನ್ನು ಕೇಳಬೇಕು? ಕೇಳುವುದು ತಪ್ಪಲ್ಲ. ಮಗು ತಾಯಿಯನ್ನು ಕೇಳುತ್ತದೆ. ಕೊಡದಿದ್ದಾಗ ಅಳುತ್ತದೆ, ಮುನಿಸಿಕೊಳ್ಳುತ್ತದೆ, ಸೆರಗು ಮಾತ್ರ ಬಿಡುವುದಿಲ್ಲ. ನಂಬಿಕೆ ಬಿಟ್ಟವರನ್ನೂ ಹೀಯಾಳಿಸುವ ಅಧಿಕಾರ ನಮಗಿಲ್ಲ. ಎಷ್ಟೋ ಸಲ ಅವರನ್ನು ದೇವರಿಂದ ದೂರ ಮಾಡಿದ್ದು ಅವರ ಕಷ್ಟವಲ್ಲ, ಕಷ್ಟಕ್ಕೆ ನಾವು ಕೊಟ್ಟ ವಿವರಣೆ.

ಇನ್ನೊಬ್ಬರ ಮನೆಯಲ್ಲಿ ಸಾವಾದಾಗ, ಕೆಲಸ ಹೋದಾಗ, ಮಗು ಅಂಗವಿಕಲವಾಗಿ ಹುಟ್ಟಿದಾಗ ನಮ್ಮ ನಾಲಿಗೆ ತುದಿಗೆ ಒಂದು ಕಾರಣ ಬಂದು ನಿಲ್ಲುತ್ತದೆ. ಅದನ್ನು ನುಂಗಿಕೊಳ್ಳುವುದೂ ಒಂದು ಇಬಾದತ್. ಕೂರಬೇಕಾದಲ್ಲಿ ಕೂರಬಹುದು, ಗಂಜಿ ಒಯ್ಯಬೇಕಾದಲ್ಲಿ ಒಯ್ಯಬಹುದು, ಮನುಷ್ಯರ ತಪ್ಪಿನಿಂದ ಆದ ಸಾವಿಗೆ ಮನುಷ್ಯರಿಂದಲೇ ಲೆಕ್ಕ ಕೇಳಬಹುದು. ಉಳಿದದ್ದನ್ನು ನೊಂದವರೂ ದೇವರೂ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಆ ಮಾತಿನ ನಡುವೆ ವಕೀಲರಿಗೆ ಕೆಲಸವಿಲ್ಲ.